‘ಏನೂ ಇಲ್ಲ’ ಎಂಬುದಕ್ಕೆ ಮೈ ಕೊಟ್ಟ ಶಿಲ್ಪಿ: ಪರ್ವೀಜ್ ತನಾವೋಲಿ

ಪ್ರಶ್ನೆ: ನಾನು ಶಿಲ್ಪಕಲೆ ಓದುತ್ತಿರುವ ವಿದ್ಯಾರ್ಥಿನಿ. ಇರಾನಿನ ಪರ್ವೀಜ್ ತನಾವೋಲಿಯವರ ಕಂಚಿನ ಶಿಲ್ಪಗಳ ಚಿತ್ರ ನೋಡಿದೆ. ಕುರ್ಚಿಯ ಮೇಲೆ ಬಳುಕಿ ಕೂತ ಒಂದು ಅಕ್ಷರ! ‘ಹೀಚ್’ ಅಂದರೆ ಫಾರ್ಸಿಯಲ್ಲಿ ‘ಏನೂ ಇಲ್ಲ’ ಎಂದರ್ಥವಂತೆ. ಮೂರ್ತಿ ಮಾಡುವುದನ್ನೇ ಒಪ್ಪದ ನಾಡಿನಲ್ಲಿ ಇಂಥ ಶಿಲ್ಪಿ ಹೇಗೆ ಬೆಳೆದರು? ವರ್ಷಗಟ್ಟಲೆ ಒಂದೇ ಪದವನ್ನು ಮಾಡುತ್ತಾ ಹೋದರೆ ಬೇಸರವಾಗುವುದಿಲ್ಲವೇ? ಇದು ನಮ್ಮ ವಚನಕಾರರ ಶೂನ್ಯ, ಬಯಲುಗಳ ಹಾಗೆಯೇ ಎಂದುಕೊಳ್ಳಬಹುದೇ?

ಉತ್ತರ: ಒಂದು ಹಾಳೆ, ದಪ್ಪ ಮೊನೆಯ ಲೇಖನಿ ತೆಗೆದುಕೊಂಡು ಕೂರಿ. ತನಾವೋಲಿಯವರನ್ನು ಅರ್ಥ ಮಾಡಿಕೊಳ್ಳಲು ನಾನು ಮೊದಲು ಮಾಡಿದ್ದು ಇದನ್ನೇ. ‘ಹೀಚ್’ ಬರೆಯಲು ಫಾರ್ಸಿಯಲ್ಲಿ ಮೂರೇ ಅಕ್ಷರ ಸಾಕು: ಹೆ, ಯೆ, ಚೆ. ಬಲಗಡೆಯಿಂದ ಶುರು ಮಾಡಿ. ಪದದ ಮೊದಲಲ್ಲಿ ಬರುವ ‘ಹೆ’ ಎರಡು ತೂತಿರುವ ಒಂದು ಗಂಟು. ಫಾರ್ಸಿ ಬಲ್ಲವರು ಅದನ್ನು ಕರೆಯುವುದೇ ‘ಎರಡು ಕಣ್ಣಿನ ಹೆ’ ಎಂದು. ನಡುವಿನ ‘ಯೆ’ ಒಂದು ಸಣ್ಣ ಏರಿಳಿತ ಅಷ್ಟೆ. ಕೊನೆಯ ‘ಚೆ’ ದೊಡ್ಡ ಹೊಟ್ಟೆಯ ಹಾಗೆ ಸುತ್ತಿ ಬಂದು ನಿಲ್ಲುತ್ತದೆ. ನಸ್ತಲೀಕ್ ಎಂಬ ಫಾರ್ಸಿ ಬರಹದ ಶೈಲಿಯಲ್ಲಿ ಪದಗಳು ಗೆರೆಯ ಮೇಲೆ ಸಾಲಾಗಿ ಮಲಗುವುದಿಲ್ಲ, ಬಲಮೇಲಿನಿಂದ ಎಡಕೆಳಕ್ಕೆ ಜಾರುತ್ತವೆ. ಹಾಗಾಗಿ ಪದ ಮುಗಿಯುವಷ್ಟರಲ್ಲಿ ಹಾಳೆಯ ಮೇಲೆ ತಲೆ, ಕತ್ತು, ಹೊಟ್ಟೆ ಇರುವ ಒಂದು ಜೀವ ಕೂತಿರುತ್ತದೆ. ಅದರ ತಲೆಯಲ್ಲಿ ಎರಡು ಕಣ್ಣು.

ತನಾವೋಲಿಯವರು ಕಂಡದ್ದು ಈ ಜೀವವನ್ನು. ಯೆಗೂ ಚೆಗೂ ಇರಬೇಕಾದ ಚುಕ್ಕೆಗಳನ್ನು ಸಾಮಾನ್ಯವಾಗಿ ಬಿಟ್ಟುಬಿಟ್ಟರು, ಗೆರೆಗೆ ದಪ್ಪ ಕೊಟ್ಟರು, ಎಬ್ಬಿಸಿ ನಿಲ್ಲಿಸಿದರು. ಕೇಳಲು ಸುಲಭ. ನಾನು ಎರಕದ ಕೆಲಸ ಮಾಡುವವನು. ಒಮ್ಮೆ ಅಭ್ಯಾಸಕ್ಕೆಂದು ಗೇಣುದ್ದದ ಹೀಚ್ ಒಂದನ್ನು ಮೇಣದಲ್ಲಿ ಮಾಡಿ ನೋಡಿದೆ. ನಿಲ್ಲಲೇ ಇಲ್ಲ. ತಲೆಯ ಗಂಟು ಭಾರವಾಗಿ ಮುಂದಕ್ಕೆ ಮುಗ್ಗರಿಸಿತು. ಹೊಟ್ಟೆ ದಪ್ಪ ಮಾಡಿದೆ, ನಿಂತಿತು, ಆದರೆ ಅಕ್ಷರದ ಚೆಲುವು ಹೋಯಿತು. ಹಾಳೆಯ ಮೇಲಿನ ಗೆರೆಗೆ ತೂಕವಿಲ್ಲ, ಕಂಚಿಗೆ ಇದೆ. ಲಿಪಿಕಾರನ ಕಣ್ಣಿಗೂ ಎರಕದವನ ತಕ್ಕಡಿಗೂ ಒಟ್ಟಿಗೆ ಒಪ್ಪಿಗೆಯಾಗುವ ತಿರುವು ಎಲ್ಲಿದೆ ಎಂದು ಹುಡುಕಬೇಕು. ತನಾವೋಲಿಯವರ ಹೀಚ್‌ಗಳಲ್ಲಿ ಕತ್ತು ಹಿಂದಕ್ಕೆ ವಾಲುವ ಕೋನ ಒಂದರಿಂದ ಒಂದಕ್ಕೆ ಬದಲಾಗುತ್ತದೆ. ಆ ಕೋನದಲ್ಲಿಯೇ ಒಂದು ನಾಚುತ್ತದೆ, ಇನ್ನೊಂದು ಸೆಟೆದು ನಿಲ್ಲುತ್ತದೆ. ನೀವು ಚಿತ್ರದಲ್ಲಿ ನೋಡಿದ್ದು ಕುರ್ಚಿಗೆ ಒರಗಿ ಕೂತದ್ದು. ಅದು ದಣಿದಿದೆ ಎಂದು ನನಗನ್ನಿಸುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ‘ಮೂರ್ತಿ ಒಪ್ಪದ ನಾಡು’ ಎಂಬ ಮಾತು ಅರ್ಧ ನಿಜ. ಪ್ರಾಚೀನ ಪರ್ಷಿಯಾದ ರಾಜಧಾನಿ ಪರ್ಸೆಪೊಲಿಸ್‌ನ ಮೆಟ್ಟಿಲುಗಳ ಪಕ್ಕದಲ್ಲಿ ಸುಮಾರು 2,500 ವರ್ಷಗಳಿಂದ ಕಪ್ಪ ಹೊತ್ತವರು ಸಾಲಾಗಿ ನಡೆಯುತ್ತಲೇ ಇದ್ದಾರೆ. ಬಿಷಾಪುರದ ಹತ್ತಿರದ ಗುಹೆಯೊಂದರಲ್ಲಿ ಸಸಾನಿ ದೊರೆ ಶಾಪುರನ ಕಲ್ಲಿನ ಪ್ರತಿಮೆ ಇದೆ, ಎತ್ತರ ಆರು ಮೀಟರಿಗೂ ಮಿಕ್ಕು. ಇಸ್ಲಾಂ ಬಂದ ಮೇಲೆ ಇಂಥ ದೊಡ್ಡ ದುಂಡು ಶಿಲ್ಪದ ಪರಂಪರೆ ನಿಂತಿತು. ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಶುರುವಾದದ್ದು ಅಬುಲ್‌ಹಸನ್ ಸದೀಘಿಯಂಥವರಿಂದ. ಟೆಹರಾನಿನ ಫಿರ್ದೌಸಿ ಚೌಕದಲ್ಲಿರುವ ಕವಿಯ ಪ್ರತಿಮೆ ಅವರದೇ. ಆದರೆ ಅದು ಯುರೋಪಿನ ರೀತಿಯ ವ್ಯಕ್ತಿಪ್ರತಿಮೆ. 1937ರಲ್ಲಿ ಟೆಹರಾನಿನಲ್ಲಿ ಹುಟ್ಟಿದ ತನಾವೋಲಿಯವರು ಉಳಿ ಹಿಡಿಯುವ ಹೊತ್ತಿಗೆ ಅವರ ಬೆನ್ನ ಹಿಂದೆ ಸಾವಿರಕ್ಕೂ ಹೆಚ್ಚು ವರ್ಷಗಳ ಖಾಲಿ ಜಾಗವಿತ್ತು.

ಖಾಲಿ ಎಂದು ನಾವು ಅಂದುಕೊಳ್ಳುತ್ತೇವೆ. ತನಾವೋಲಿಯವರ ಜೀವಮಾನದ ಕೆಲಸವೆಲ್ಲ ಆ ಜಾಗ ಖಾಲಿಯಿರಲಿಲ್ಲ ಎಂದು ಕಂಡುಕೊಂಡದ್ದೇ ಎಂಬುದು ನನ್ನ ತಿಳಿವಳಿಕೆ. ಮುಂದೆ ಹೇಳುವುದನ್ನೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಅವರು ಕಲಿತದ್ದು ಮೊದಲು ಟೆಹರಾನಿನ ಲಲಿತಕಲಾ ಶಾಲೆಯಲ್ಲಿ, ಆಮೇಲೆ ಇಟಲಿಯಲ್ಲಿ. ಅಮೃತಶಿಲೆಯ ಊರಾದ ಕರಾರಾದಲ್ಲಿ ಸ್ವಲ್ಪ ಕಾಲವಿದ್ದು, ಮಿಲಾನಿನ ಬ್ರೇರಾ ಅಕಾಡೆಮಿಯಲ್ಲಿ ಮರೀನೋ ಮರೀನಿಯವರ ಶಿಷ್ಯರಾಗಿ 1959ರಲ್ಲಿ ಓದು ಮುಗಿಸಿದರು. ಕುದುರೆ, ಸವಾರ ಎಂಬ ಒಂದೇ ವಸ್ತುವನ್ನು ಹಿಡಿದು ಬದುಕಿಡೀ ಹೊಸದನ್ನು ಹುಡುಕಿದವರು ಮರೀನಿ. ಒಂದೇ ವಸ್ತುವಿನಲ್ಲಿ ಒಬ್ಬ ಶಿಲ್ಪಿ ಇಷ್ಟು ಕಾಲ ನೆಲೆಸಬಹುದು ಎಂಬುದನ್ನು ತನಾವೋಲಿಯವರು ಕಣ್ಣಾರೆ ಕಂಡದ್ದು ಅಲ್ಲಿ.

1960ರ ಹೊತ್ತಿಗೆ ಊರಿಗೆ ಮರಳಿ ‘ಅತೆಲಿಯೆ ಕಬೂದ್’, ಅಂದರೆ ನೀಲಿ ಕಾರ್ಯಾಗಾರ, ಎಂಬ ಜಾಗ ತೆರೆದರು. ಯುವ ಕಲಾವಿದರು ಅಲ್ಲಿ ಸೇರುತ್ತಿದ್ದರು. ಕಂಚಿನ ಶಿಲ್ಪ ಎರೆಯಲು ತಕ್ಕ ಎರಕಶಾಲೆ ಇರಲಿಲ್ಲ, ಕೊಳ್ಳುವವರು ಮೊದಲೇ ಇಲ್ಲ. ಟೆಹರಾನಿನ ದಕ್ಷಿಣ ಭಾಗದ ಕಮ್ಮಾರಸಾಲೆಗಳು, ಕುಂಬಾರರ ಮನೆಗಳು, ಗುಜರಿ ಅಂಗಡಿಗಳನ್ನು ಸುತ್ತಿದರು. ಸಿಕ್ಕಿದ ಕಬ್ಬಿಣ, ತಗಡು, ತಾಮ್ರವನ್ನೇ ಜೋಡಿಸಿ ಶಿಲ್ಪ ಮಾಡಿದರು. ಶಿಲ್ಪವೆಂದರೆ ಏನೆಂದು ಕೇಳಿದರೆ ಹೇಳಲಾಗದ ಆ ಕೈಕಸುಬಿನವರೇ ಅವರಿಗೆ ಎರಡನೆಯ ಗುರುಗಳಾದರು.

ಅದೇ ಕಾಲಕ್ಕೆ ನಡೆದದ್ದು ಇನ್ನೊಂದು. ತನಾವೋಲಿ, ಅವರ ಗೆಳೆಯ ಚಿತ್ರಕಾರ ಹುಸೇನ್ ಜೆಂದೆರೂದಿ ಇಬ್ಬರೂ ಟೆಹರಾನಿನ ದಕ್ಷಿಣಕ್ಕಿರುವ ರೇ ಊರಿನ ಶಾ ಅಬ್ದುಲ್ ಅಜೀಮ್ ದರ್ಗಾಕ್ಕೆ ಹೋಗಿದ್ದರು. ಯಾತ್ರಿಕರಿಗೆಂದು ಅಗ್ಗದ ಬೆಲೆಗೆ ಮಾರುವ ಧಾರ್ಮಿಕ ಚಿತ್ರಪಟಗಳು ಅಲ್ಲಿ ಕಣ್ಣಿಗೆ ಬಿದ್ದವು. ಸರಳವಾದ ಆಕಾರ, ಮತ್ತೆ ಮತ್ತೆ ಬರುವ ವಿನ್ಯಾಸ, ಢಾಳಾದ ಬಣ್ಣ. ಕೊಂಡು ತಂದರು. ಜೆಂದೆರೂದಿ ಅವನ್ನು ನೋಡಿಕೊಂಡು ರೇಖಾಚಿತ್ರ ಹಾಕಿದರು. ಒಂದು ಚಳವಳಿಯ ಮೊಳಕೆ ಇದು ಎಂದು ತನಾವೋಲಿಯವರೇ ಮುಂದೆ ಬರೆದಿದ್ದಾರೆ. 1960ರ ದಶಕದ ಆರಂಭದಲ್ಲಿ ವಿಮರ್ಶಕ ಕರೀಮ್ ಇಮಾಮಿ ಅದಕ್ಕೊಂದು ಹೆಸರು ಕೊಟ್ಟರು: ಸಖ್ಖಾಖಾನೆ.

ಸಖ್ಖಾ ಅಂದರೆ ನೀರು ಹೊರುವವನು, ಖಾನೆ ಅಂದರೆ ಮನೆ. ಬೀದಿಯ ಗೋಡೆಯಲ್ಲೊಂದು ಗೂಡು, ಅದರಲ್ಲಿ ಕುಡಿಯುವ ನೀರು, ಸರಪಳಿ ಕಟ್ಟಿದ ಹಿತ್ತಾಳೆ ಬಟ್ಟಲು, ಮುಂದೆ ಲೋಹದ ಜಾಲರಿ. ಕರ್ಬಲಾದಲ್ಲಿ ಬಾಯಾರಿದ ಮಕ್ಕಳಿಗೆ ನೀರು ತರಲು ಹೋಗಿ ಕೈ ಕಳೆದುಕೊಂಡು ಮಡಿದ ಅಬ್ಬಾಸರ ನೆನಪಿಗೆ ಕಟ್ಟಿದ ಅರವಟಿಗೆ ಇದು. ಹರಕೆ ಹೊತ್ತವರು ಜಾಲರಿಗೆ ಬಟ್ಟೆಯ ಚೂರು ಕಟ್ಟುತ್ತಾರೆ, ಬೀಗ ಹಾಕುತ್ತಾರೆ, ಮೇಣದ ಬತ್ತಿ ಹಚ್ಚುತ್ತಾರೆ. ಗೂಡಿನಲ್ಲಿ ಬಿಚ್ಚಿದ ಅಂಗೈಯ ಲೋಹದ ಆಕೃತಿ ಇರುತ್ತದೆ. ನೀವು ಉತ್ತರ ಕರ್ನಾಟಕದವರಾದರೆ ಆ ಅಂಗೈಯನ್ನು ನೋಡಿಯೇ ಇರುತ್ತೀರಿ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಕುಣಿಯುವಾಗ ಹೊತ್ತು ತರುವ ಪಂಜಾ ಅದೇ. ರಿವಾಯತ ಪದಗಳಲ್ಲಿ ಹಾಡುವ ನೀರಡಿಕೆಯ ಕಥೆಯೂ ಅದೇ ಕರ್ಬಲಾದ್ದು. ಹಾಗಾಗಿ ಸಖ್ಖಾಖಾನೆ ಕಲೆಯನ್ನು ದೂರದ ನಾಡಿನದೆಂದು ಗಾಬರಿಯಾಗಿ ನೋಡಬೇಕಿಲ್ಲ.

ತನಾವೋಲಿಯವರು ಆ ಗೂಡಿನ ಮುಂದೆ ನಿಂತು ನೋಡಿದ್ದು ಶಿಲ್ಪಿಯ ಕಣ್ಣಿನಿಂದ. ಜಾಲರಿ, ಬೀಗ, ಬಟ್ಟಲು, ಕೈ. ಮೂರು ಆಯಾಮದಲ್ಲಿ, ಲೋಹದಲ್ಲಿ, ಕೈಯಿಂದ ಮಾಡಿದ್ದು ಇವೆಲ್ಲ. ಶಿಲ್ಪ ಸತ್ತಿರಲಿಲ್ಲ, ಹೆಸರು ಬದಲಿಸಿಕೊಂಡು ಬಳಕೆಯ ವಸ್ತುಗಳಲ್ಲಿ ಬದುಕಿತ್ತು. ಇರಾನಿನ ಹಳೆಯ ಬೀಗಗಳನ್ನು ನೋಡಿ: ಕುದುರೆಯ, ಮೀನಿನ, ಹಕ್ಕಿಯ ಆಕಾರದಲ್ಲಿ ಎರೆದ ಬೆರಳುದ್ದದ ಪ್ರಾಣಿಗಳು, ಹೊಟ್ಟೆಯೊಳಗೆ ಸ್ಪ್ರಿಂಗು. ಬಖ್ತಿಯಾರಿ, ಲೂರ್ ಅಲೆಮಾರಿಗಳ ಗೋರಿಗಳ ಮೇಲೆ ನಿಂತ ಕಲ್ಲಿನ ಸಿಂಹಗಳನ್ನು ನೋಡಿ: ಧೀರನಾಗಿ ಬಾಳಿದವನ ತಲೆಯ ಮೇಲೊಂದು ಸಿಂಹ. ಅವನ್ನು ಕೆತ್ತಿದವರು ಯಾರೂ ತಮ್ಮನ್ನು ಶಿಲ್ಪಿ ಎಂದುಕೊಳ್ಳಲಿಲ್ಲ. ತನಾವೋಲಿಯವರು ಬೀಗಗಳನ್ನು ಸಂಗ್ರಹಿಸುತ್ತಾ ಹೋದರು, ಅವುಗಳ ಬಗ್ಗೆ 1970ರ ದಶಕದಲ್ಲೇ ಪುಸ್ತಕ ಬರೆದರು. ಸಿಂಹದ ಚಿತ್ರವಿರುವ ರತ್ನಗಂಬಳಿಗಳು, ಉಪ್ಪಿನ ಚೀಲಗಳು, ಗೋರಿಕಲ್ಲುಗಳು ಎಲ್ಲದರ ಬಗ್ಗೆಯೂ ಬರೆದರು. ಶಿಲ್ಪಿಯ ಹವ್ಯಾಸ ಎಂದು ಇದನ್ನು ಪಕ್ಕಕ್ಕಿಡುವವರಿದ್ದಾರೆ. ಅದು ತಪ್ಪು. ಅವರು ಮಾಡಿದ ಕವಿಗಳ ಶಿಲ್ಪಗಳ ಎದೆಯಲ್ಲಿ ಬೀಗ, ಪ್ರೇಮಿಗಳ ಶಿಲ್ಪಗಳ ಮೈಯಲ್ಲಿ ಜಾಲರಿ, ತಲೆಯ ಜಾಗದಲ್ಲಿ ನಲ್ಲಿ ಬರುವುದು ಈ ಸಂಗ್ರಹದಿಂದಲೇ.

ಬೀಗದ ಬಗ್ಗೆ ಇನ್ನೊಂದು ಮಾತು. ನಮಗೆ ಬೀಗವೆಂದರೆ ಮುಚ್ಚುವುದು. ಸಖ್ಖಾಖಾನೆಗೆ ಬೀಗ ಹಾಕುವವರಿಗೆ ಅದು ತೆರೆಯಲಿರುವುದು. ಹರಕೆ ಕೈಗೂಡಲಿ, ಕಟ್ಟಿದ್ದು ಬಿಚ್ಚಲಿ ಎಂಬ ಆಸೆ ಅದರೊಳಗಿದೆ. ಕವಿಯ ಎದೆಗೆ ತನಾವೋಲಿ ಬೀಗ ಹಾಕಿದಾಗ ಬಾಯಿ ಕಟ್ಟಿದ ಕವಿ ಎಂದಷ್ಟೇ ಓದಬೇಡಿ.

ಪೂರ್ವಜರಿಲ್ಲದ ಶಿಲ್ಪಿ ತನಗೊಬ್ಬ ಪೂರ್ವಜನನ್ನೂ ಹುಡುಕಿಕೊಂಡರು. ಅವನು ಫರ್ಹಾದ್. ಹನ್ನೆರಡನೆಯ ಶತಮಾನದ ಕವಿ ನಿಜಾಮಿಯ ‘ಖುಸ್ರೋ ಶಿರೀನ್’ ಕಾವ್ಯದಲ್ಲಿ ಬರುವ ಕಲ್ಲುಕುಟಿಗ. ಶಿರೀನಳನ್ನು ಪ್ರೀತಿಸಿದ ತಪ್ಪಿಗೆ ಬೀಸೊತೂನ್ ಬೆಟ್ಟವನ್ನೇ ಕಡಿದು ದಾರಿ ಮಾಡು ಎಂದು ದೊರೆ ಆಜ್ಞೆ ಮಾಡುತ್ತಾನೆ. ಫರ್ಹಾದ್ ಕಡಿಯುತ್ತಾನೆ. ಕೆಲಸ ಕೈಗೂಡುವ ಹೊತ್ತಿಗೆ ಶಿರೀನ್ ಸತ್ತಳೆಂಬ ಸುಳ್ಳು ಸುದ್ದಿ ಬರುತ್ತದೆ, ಅವನೂ ಪ್ರಾಣ ಬಿಡುತ್ತಾನೆ. ಇರಾನಿನ ನೆನಪಿನಲ್ಲಿ ಉಳಿದ ಒಬ್ಬನೇ ಶಿಲ್ಪಿ ಇವನು, ಅವನೂ ಕಾವ್ಯದೊಳಗಿನವನು. ತನಾವೋಲಿಯವರಿಗೆ ಅಷ್ಟು ಸಾಕಾಯಿತು. ಫರ್ಹಾದ್, ಕವಿ, ಪ್ರವಾದಿ, ಪ್ರೇಮಿಗಳು, ಬುಲ್‌ಬುಲ್ ಹಕ್ಕಿ: ಅವರ ಕೃತಿಗಳ ಕುಟುಂಬವೆಲ್ಲ ಇಷ್ಟೇ.

1961ರಲ್ಲಿ ಅಮೆರಿಕದ ಮಿನೆಸೋಟಾದ ಕಲಾಸಂಗ್ರಾಹಕಿ ಆಬಿ ಗ್ರೇ ಅವರ ಪರಿಚಯವಾಯಿತು. ಅವರ ನೆರವಿನಿಂದ ತನಾವೋಲಿ ಮಿನಿಯಾಪೊಲಿಸ್‌ನ ಕಲಾಶಾಲೆಯಲ್ಲಿ 1964ರವರೆಗೆ ಕಲಿಸಿದರು, ಕೈತುಂಬ ಕಂಚು ಎರೆದರು. ಟೆಹರಾನ್ ವಿಶ್ವವಿದ್ಯಾಲಯದಲ್ಲಿ ಎರಕಶಾಲೆ ಆದದ್ದಕ್ಕೂ ಆಬಿ ಗ್ರೇ ಅವರ ಹಣವೇ ಕಾರಣ. ಅಲ್ಲಿಯೇ ಶಿಲ್ಪ ವಿಭಾಗದ ಮುಖ್ಯಸ್ಥರಾಗಿ ತನಾವೋಲಿ 1979ರ ಕ್ರಾಂತಿಯವರೆಗೂ ದುಡಿದರು. ಆ ಮಹಿಳೆ ಕೊಂಡ ಕೃತಿಗಳು ಇಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ತನಾವೋಲಿಯವರ ಆರಂಭದ ಕೆಲಸ ನೋಡಬೇಕೆನ್ನುವವರು ಹೋಗಬೇಕಾದ ಜಾಗ ಅದು.

ಅಮೆರಿಕದಿಂದ ಮರಳಿದ ತನಾವೋಲಿ ಸಿಟ್ಟಿನಲ್ಲಿದ್ದರು. ಟೆಹರಾನಿನ ಗ್ಯಾಲರಿಗಳಲ್ಲಿ ಎರಡು ಗುಂಪು. ಒಂದು ಪ್ಯಾರಿಸಿನದನ್ನು ನಕಲು ಮಾಡುವುದು. ಇನ್ನೊಂದು ಸಖ್ಖಾಖಾನೆಯ ಹೆಸರಿನಲ್ಲಿ ಸಿಕ್ಕಸಿಕ್ಕಲ್ಲಿ ಅಕ್ಷರ ಚೆಲ್ಲುವುದು, ಅಕ್ಷರವಿದ್ದರೆ ಇರಾನಿತನ ಬಂತು ಎಂಬ ನಂಬಿಕೆ. 1964ರ ಒಂದು ಕೃತಿಯಲ್ಲಿ ಅವರು ರತ್ನಗಂಬಳಿಯ ನಟ್ಟನಡುವೆ ಆಫ್ತಾಬೆಯನ್ನು, ಅಂದರೆ ಪಾಯಖಾನೆಗೆ ಒಯ್ಯುವ ಕೊಂಡಿಯ ತಂಬಿಗೆಯನ್ನು, ಇಟ್ಟರು. ಹೆಸರು ‘ಕಲೆಯಲ್ಲಿ ಹೊಸತನ’. ಮನೆಗೆ ಬಂದವರಿಗೆ ತೋರಿಸುವುದು ಒಂದು, ಅವರ ಕಣ್ಣಿಗೆ ಬೀಳದಂತೆ ಇಡುವುದು ಇನ್ನೊಂದು, ಎರಡೂ ಅದೇ ಮನೆಯವೇ. 1965ರಲ್ಲಿ ಟೆಹರಾನಿನ ಬೋರ್ಗೇಸೆ ಗ್ಯಾಲರಿಯಲ್ಲಿ ಪ್ರದರ್ಶನ ಮಾಡಿದಾಗ ಗದ್ದಲವೇ ಆಯಿತು. ಮೊದಲ ಹೀಚ್ ಹುಟ್ಟಿದ್ದು ಆ ವರ್ಷ.

ಅಂದರೆ ಹೀಚ್‌ನ ಹುಟ್ಟಿನಲ್ಲಿ ಪ್ರತಿಭಟನೆ ಇತ್ತು. ಎಲ್ಲರೂ ಬರೆಯುತ್ತಿದ್ದ ಸಾಲು ಸಾಲು ಅಕ್ಷರಗಳಿಗೆ ಉತ್ತರವಾಗಿ ಒಂದೇ ಒಂದು ಪದ, ಅದೂ ‘ಏನೂ ಇಲ್ಲ’ ಎನ್ನುವ ಪದ. ಆದರೆ ಪ್ರತಿಭಟನೆಯಾಗಿಯೇ ಉಳಿದಿದ್ದರೆ ಒಂದು ವರ್ಷಕ್ಕೆ ಮುಗಿದುಹೋಗುತ್ತಿತ್ತು. ಮಾಡುತ್ತಾ ಮಾಡುತ್ತಾ ಅದರ ಮೇಲೆ ಅವರಿಗೆ ಪ್ರೀತಿ ಬಂತು. ತಮ್ಮ ಹೀಚ್ ಹತಾಶೆಯದಲ್ಲ, ಅದರಲ್ಲಿ ಗೆಳೆತನವಿದೆ, ಭರವಸೆಯಿದೆ ಎಂದು ಅವರು ಹಲವು ಸಲ ಹೇಳಿದ್ದಾರೆ. ಶೂನ್ಯದಿಂದಲೇ ಸೃಷ್ಟಿ ಎನ್ನುವ ಸೂಫಿ ಕವಿಗಳ ಮಾತು ಅವರ ಬೆನ್ನಿಗಿತ್ತು.

ಬೇಸರವಾಗುವುದಿಲ್ಲವೇ ಎಂದು ಕೇಳಿದ್ದೀರಿ. ಬರೀ ಪಟ್ಟಿಯಾಗಿ ನೋಡಿದರೆ ಬೇಸರವೇ. ಬಿಡಿಯಾಗಿ ನೋಡಿ. ಕುರ್ಚಿಯ ಮೇಲಿನದು, ಮೇಜಿನೊಂದಿಗಿನದು, ಒಂದಕ್ಕೊಂದು ಒರಗಿ ನಿಂತ ಹೀಚ್ ಪ್ರೇಮಿಗಳು, ಆಕಾಶನೀಲಿಯ ಪಿಂಗಾಣಿಯದು, ಬಣ್ಣ ಬಳಿದ ಫೈಬರ್‌ಗ್ಲಾಸಿನದು, ಬೆರಳಿಗೆ ಹಾಕುವ ಉಂಗುರದ್ದು. ಅಮೆರಿಕದ ಸೇಂಟ್ ಪಾಲ್ ನಗರದ ಹ್ಯಾಮ್‌ಲೈನ್ ವಿಶ್ವವಿದ್ಯಾಲಯದ ಬಯಲಿನಲ್ಲಿ ಉಕ್ಕಿನ ದೊಡ್ಡ ಹೀಚ್ ನಿಂತಿದೆ. ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಬ್ರಿಟಿಷ್ ಮ್ಯೂಸಿಯಂನಲ್ಲಿರುವ ‘ಪಂಜರದೊಳಗಿನ ಹೀಚ್’. ಕ್ಯೂಬಾದಲ್ಲಿರುವ ಅಮೆರಿಕದ ಗ್ವಾಂಟಾನಾಮೊ ಸೆರೆಮನೆಯ ಸೆರೆಯಾಳುಗಳ ಸ್ಥಿತಿ ಕೇಳಿ 2005ರಲ್ಲಿ ಮಾಡಿದ್ದು. ಕಂಬಿಗಳ ನಡುವೆ ಆ ಜೀವ ಕತ್ತು ಹೊರಚಾಚಲು ಹೆಣಗುತ್ತದೆ. ಏನೂ ಇಲ್ಲದ್ದನ್ನು ಕೂಡಿಹಾಕಲು ಇಷ್ಟು ಗಟ್ಟಿ ಪಂಜರವೇಕೆ ಎಂದು ನೋಡುವವರೇ ಕೇಳಿಕೊಳ್ಳಬೇಕು. 1965ರ ಗ್ಯಾಲರಿ ಜಗಳದಲ್ಲಿ ಹುಟ್ಟಿದ ಪದ ನಲವತ್ತು ವರ್ಷಗಳ ಮೇಲೆ ಸೆರೆಮನೆಯ ಬಗ್ಗೆ ಮಾತಾಡಿತು. ಅದೇ ಮೂರು ಅಕ್ಷರದಿಂದ, ಹೊಸದೊಂದನ್ನೂ ಸೇರಿಸದೆ.

ಎಲ್ಲರೂ ಹೀಚ್ ಎಂದೇ ಅವರನ್ನು ಗುರುತಿಸುವುದರಿಂದ ಉಳಿದ ಕೆಲಸ ಮರೆಯಾಗುತ್ತಿದೆ ಎಂಬ ಕೊರಗು ನನಗಿದೆ. 1975ರ ‘ಗೋಡೆ: ಓ ಪರ್ಸೆಪೊಲಿಸ್’ ನೋಡಿ. ಆಳೆತ್ತರದ ಕಂಚಿನ ಫಲಕ, ಮೈತುಂಬ ಒತ್ತೊತ್ತಾಗಿ ಮೂಡಿದ ಸಣ್ಣ ಸಣ್ಣ ಗುರುತುಗಳು. ದೂರದಿಂದ ಬೆಣೆಲಿಪಿಯ ಶಾಸನವೆಂದೇ ಅನ್ನಿಸುತ್ತದೆ, ಹತ್ತಿರ ಹೋದರೆ ಓದಲು ಒಂದಕ್ಷರವೂ ಇಲ್ಲ. ಹೀಚ್‌ನಲ್ಲಿ ಪದ ಮೈಯಾಗುತ್ತದೆ, ಇಲ್ಲಿ ಮೈಯೇ ಪದದ ಹಾಗೆ ತೋರಿ ಕೈಗೆ ಸಿಗದೆ ಉಳಿಯುತ್ತದೆ. 2008ರ ಏಪ್ರಿಲ್‌ನಲ್ಲಿ ದುಬೈನ ಕ್ರಿಸ್ಟೀಸ್ ಹರಾಜಿನಲ್ಲಿ ಇದು 28 ಲಕ್ಷ ಡಾಲರ್‌ಗೂ ಹೆಚ್ಚಿಗೆ ಹೋಯಿತು. ಮಧ್ಯಪ್ರಾಚ್ಯದ ಕಲಾವಿದರೊಬ್ಬರ ಕೃತಿಗೆ ಅಲ್ಲಿಯವರೆಗೆ ಬಂದ ಅತಿ ದೊಡ್ಡ ಬೆಲೆ. ಪತ್ರಿಕೆಗಳು ಬರೆದದ್ದು ಬೆಲೆಯ ಬಗ್ಗೆ. ಮೇಲ್ಮೈಯ ಬಗ್ಗೆ ಬರೆದವರು ಕಡಿಮೆ.

ಕ್ರಾಂತಿಯ ನಂತರದ ವರ್ಷಗಳಲ್ಲಿ ಶಿಲ್ಪದ ಕೆಲಸ ಬಹುಪಾಲು ನಿಂತಿತು. ಓದು, ಸಂಗ್ರಹ, ಬರವಣಿಗೆಗೆ ತಿರುಗಿದರು. 1989ರಲ್ಲಿ ಕುಟುಂಬದೊಂದಿಗೆ ಕೆನಡಾದ ವ್ಯಾಂಕೂವರ್‌ಗೆ ಹೋದರು, ಆದರೆ ಟೆಹರಾನನ್ನು ಬಿಡಲಿಲ್ಲ, ಎರಡೂ ಕಡೆ ಬದುಕಿದರು. 2003ರಲ್ಲಿ ಟೆಹರಾನಿನ ಸಮಕಾಲೀನ ಕಲಾ ಮ್ಯೂಸಿಯಂ ಅವರ ಸಮಗ್ರ ಪ್ರದರ್ಶನ ಮಾಡಿತು. ಅದೇ ವರ್ಷ ಅವರ ಮನೆ ನಗರಾಡಳಿತದ ಕೈಯಲ್ಲಿ ಮ್ಯೂಸಿಯಂ ಆಗಿ ತೆರೆಯಿತು, ಆದರೆ ಹೆಚ್ಚು ಕಾಲ ನಡೆಯಲಿಲ್ಲ. ಕೃತಿಗಳು ಯಾರದೆಂಬ ವ್ಯಾಜ್ಯ ಎದ್ದು, 2014ರಲ್ಲಿ ಆ ಮನೆಯಿಂದ ಶಿಲ್ಪಗಳನ್ನು ಹೊತ್ತೊಯ್ದರು. 2016ರ ಜುಲೈನಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಮಾತಾಡಲು ಹೊರಟವರ ಪಾಸ್‌ಪೋರ್ಟನ್ನು ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡರು, ಆಮೇಲೆ ಮರಳಿಸಿದರು. ಮರುವರ್ಷವೇ ಟೆಹರಾನಿನ ಅದೇ ಕಲಾ ಮ್ಯೂಸಿಯಂನಲ್ಲಿ ಇರಾನಿನ ಸಿಂಹಗಳ ಬಗ್ಗೆ ಅವರ ಪ್ರದರ್ಶನ ನಡೆಯಿತು. ನಾಡು ಅವರನ್ನು ಒಂದು ಕೈಯಿಂದ ತಬ್ಬಿತು, ಇನ್ನೊಂದರಿಂದ ತಳ್ಳಿತು. ಎಂಬತ್ತರ ಹತ್ತಿರದ ಒಬ್ಬ ಶಿಲ್ಪಿಗೆ ಇದು ಎಷ್ಟು ನೋಯಿಸಿರಬೇಕು ಎಂದು ನೆನೆದರೆ ನನಗೆ ಸಂಕಟವಾಗುತ್ತದೆ. ಹೊರಗೆ 2015ರಲ್ಲಿ ಅಮೆರಿಕದ ವೆಲೆಸ್ಲಿ ಕಾಲೇಜಿನ ಡೇವಿಸ್ ಮ್ಯೂಸಿಯಂ, 2023ರಲ್ಲಿ ವ್ಯಾಂಕೂವರ್ ಆರ್ಟ್ ಗ್ಯಾಲರಿ ಅವರ ದೊಡ್ಡ ಪ್ರದರ್ಶನಗಳನ್ನು ಮಾಡಿದವು. ಎರಡನೆಯದರ ಹೆಸರೇ ‘ಕವಿಗಳು, ಬೀಗಗಳು, ಪಂಜರಗಳು’.

ಕೊನೆಯದಾಗಿ ಬಯಲಿನ ಪ್ರಶ್ನೆ. ‘ಹೀಚ್’ ಎಂದೊಡನೆ ಅಲ್ಲಮನ ಕಡೆಗೆ ಮನಸ್ಸು ಓಡುವುದು ನಮ್ಮಲ್ಲಿ ಸಹಜ, ನನಗೂ ಓಡಿತ್ತು. ಆದರೆ ಅವಸರ ಮಾಡಬೇಡಿ. ಬಯಲು ಎಂಬ ಮಾತಿನಲ್ಲೇ ವಿಸ್ತಾರವಿದೆ. ಆಕಾರಗಳೆಲ್ಲ ಕರಗಿ ಹೋಗುವ ಕಡೆ ಅದು. ತನಾವೋಲಿಯವರ ಹೀಚ್ ನಡೆಯುವುದು ಎದುರು ದಿಕ್ಕಿನಲ್ಲಿ: ಆಕಾರವಿಲ್ಲದ್ದು ಕಣ್ಣು, ಕತ್ತು, ಹೊಟ್ಟೆ ಪಡೆದುಕೊಂಡು ಬಂದು ನಮ್ಮ ಕುರ್ಚಿಯಲ್ಲಿ ಕೂರುತ್ತದೆ. ಅದನ್ನು ಮುಟ್ಟಬಹುದು, ಎತ್ತಬಹುದು, ಬಿದ್ದರೆ ಕಾಲ್ಬೆರಳು ಜಜ್ಜುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಯೋಚಿಸಿ, ಒಂದರ ಮೇಲೊಂದು ಇಡಬೇಡಿ. ಇನ್ನೊಂದು ಕಾಕತಾಳೀಯ ಹೇಳಿಬಿಡುತ್ತೇನೆ. ನಮ್ಮ ಕನ್ನಡದಲ್ಲಿ ‘ಹೀಚು’ ಅಂದರೆ ಹೂವು ಉದುರಿ ಆಗತಾನೇ ಕಚ್ಚಿದ ಎಳೆಗಾಯಿ. ಆ ಪದಕ್ಕೂ ಈ ಪದಕ್ಕೂ ಸಂಬಂಧವಿಲ್ಲ. ಆದರೂ ಅವರ ಸಣ್ಣ ಹೀಚ್‌ಗಳನ್ನು ನೋಡುವಾಗಲೆಲ್ಲ ನನಗೆ ಮಾವಿನ ಹೀಚು ನೆನಪಾಗುತ್ತದೆ, ಅದೇ ಬಾಗಿದ ಹೊಟ್ಟೆ, ಅದೇ ಹಸಿರು ಹೊಳಪು.

ನೀವು ಶಿಲ್ಪ ಕಲಿಯುತ್ತಿರುವವರು, ಹಾಗಾಗಿ ಒಂದು ಕೆಲಸ ಕೊಡುತ್ತೇನೆ. ಮೇಣದಲ್ಲಿ ಹೀಚ್ ಮಾಡಲು ಹೋಗಬೇಡಿ, ಅದು ಅವರದು. ಮನೆಯ ಅಟ್ಟದಲ್ಲಿ ಹಳೆಯ ಬೀಗವೋ, ಅಡಕತ್ತರಿಯೋ, ಈಳಿಗೆಮಣೆಯೋ ಇದ್ದರೆ ಕೆಳಗಿಳಿಸಿ, ಧೂಳು ಒರೆಸಿ, ಕಿಟಕಿಯ ಬೆಳಕಿಗಿಟ್ಟು ನಾಲ್ಕೂ ಕಡೆಯಿಂದ ಚಿತ್ರ ಬರೆಯಿರಿ. ಹತ್ತು ಹಾಳೆ ಆದ ಮೇಲೆ ಮತ್ತೆ ಪತ್ರ ಬರೆಯಿರಿ, ಚಿತ್ರಗಳನ್ನೂ ಜೊತೆಗಿಡಿ.